ಪ್ರಾರ್ಥನೆಗೆ ಅಡ್ಡಿ ಯಾವುದು?

1 ಪೇತ್ರ 3:7 ತೆಗೆಯಿರಿ. ಹೆಂಡತಿಗೆ ಮಾನ ಕೊಡದ ಗಂಡನ ಪ್ರಾರ್ಥನೆಗೇ ಅಡ್ಡಿ ಅಂತಾನೆ ಪೇತ್ರ. ರಾತ್ರಿ ಹೊಡೆದ ಕೈಯನ್ನೇ ಭಾನುವಾರ ಆರಾಧನೆಯಲ್ಲಿ ಎತ್ತಿದರೆ ದೇವರು ಮೆಚ್ಚುತ್ತಾನಾ?

ನಿಮ್ಮಲ್ಲಿ ಬಹಳ ಜನ ಹಳ್ಳಿಯಿಂದ ಬೆಂಗಳೂರಿಗೆ ಬಂದವರು. ಕ್ರಿಸ್‌ಮಸ್‌ಗೆ ಊರಿಗೆ ಹೋಗ್ತೀರಿ. ಪಕ್ಕದ ಮನೆ ಅಕ್ಕ ಅಳೋದು ಕೇಳುತ್ತೆ. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ” ಅಂತ ಹಿರಿಯರು ಸುಮ್ಮನಾಗ್ತಾರೆ. ಹೊಡೆತ ಜಗಳ ಅಲ್ಲ, ಪಾಪ. ಆ ಅಕ್ಕನಿಗೆ ಸ್ಟೇಷನ್ ದೂರ, ಕೈಯಲ್ಲಿ ದುಡ್ಡಿಲ್ಲ, ತವರಲ್ಲೂ “ಹೊಂದ್ಕೊಂಡು ಹೋಗು” ಅಂತಾರೆ.

ನೀವೂ “ಪ್ರಾರ್ಥನೆ ಮಾಡು, ಸಹಿಸ್ಕೋ” ಅಂತ ಹೇಳಿ ಬಂದುಬಿಡಬೇಡಿ. ನಾನು ಹೇಳೋದು, ಪ್ರಾರ್ಥಿಸಿ, ಫೋನೂ ಮಾಡಿ. ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ನೆರೆಯವರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆ ಮನಸ್ಸಿಂದ ತಿಳಿಸಿದವರಿಗೆ ಕಾನೂನಿನ ತೊಂದರೆ ಇಲ್ಲ. ಪ್ರಾಣಕ್ಕೆ ಅಪಾಯ ಇಲ್ಲದಿದ್ದರೆ ಮೊದಲು ಅವಳನ್ನೇ ಕೇಳಿ. ನೀವು ಬಸ್ ಹತ್ತಿ ಬರ್ತೀರಿ, ಆ ಮನೇಲಿ ಉಳಿಯೋಳು ಅವಳು.

ತಮ್ಮಂದಿರೇ, ಅಪ್ಪನ ಕೈಯಲ್ಲಿ ನೋಡಿದ್ದನ್ನು ನಿಮ್ಮ ಮನೆಗೆ ತರಬೇಡಿ. ಆ ಸರಪಳಿ ಯೇಸುವಿನ ನಾಮದಲ್ಲಿ ನಿಮ್ಮ ಕಾಲಕ್ಕೇ ಮುರಿಯಲಿ. ಆಮೆನ್.