ಪ್ಲಾಟಿನಂ ಸಿಗದ ಮೇಲೆ

ಲಂಡನ್ನಿನ ಚೀಪ್‌ಸೈಡ್ ಬಳಿ ಪುಸ್ತಕದಂಗಡಿ ನಡೆಸುತ್ತಿದ್ದ ಫ್ರೆಡರಿಕ್ ಎಚ್. ಇವಾನ್ಸ್ 1898ರಲ್ಲಿ ಆ ವ್ಯಾಪಾರ ಬಿಟ್ಟು ಪೂರ್ತಿಯಾಗಿ ಛಾಯಾಗ್ರಹಣಕ್ಕೆ ನಿಂತ. ಆಗ ಅವನಿಗೆ ನಲವತ್ತೈದು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅದನ್ನೂ ಹೆಚ್ಚುಕಡಿಮೆ ಬಿಟ್ಟುಬಿಟ್ಟ. ಚರಿತ್ರೆ ಬರೆದವರು ಕೊಡುವ ಕಾರಣ ಬಲು ಸಾಧಾರಣವಾದದ್ದು: ಅವನು ಚಿತ್ರ ಮೂಡಿಸುತ್ತಿದ್ದ ಪ್ಲಾಟಿನಂ ಕಾಗದ ಸಿಗದಂತಾಯಿತು. ಬೇರೆ ಕಾಗದವೇನೋ ಇತ್ತು. ಅದು ಅವನಿಗೆ ಬೇಡವಾಗಿತ್ತು.

ಇದನ್ನು ಮೊದಲು ಓದಿದಾಗ ದೊಡ್ಡ ತ್ಯಾಗದ ಹಾಗೆ ಕಂಡಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಆ ಕಾಗದದಲ್ಲಿ ಅಂಥದ್ದೇನಿತ್ತು? 1873ರಲ್ಲಿ ವಿಲಿಯಂ ವಿಲ್ಲಿಸ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದ ವಿಧಾನ ಅದು. ಫೆರಿಕ್ ಆಕ್ಸಲೇಟ್ ಎಂಬ ಕಬ್ಬಿಣದ ಲವಣವನ್ನೂ ಪ್ಲಾಟಿನಂ ಲವಣವನ್ನೂ ಕಾಗದಕ್ಕೆ ಸವರಿ, ಮೇಲೆ ನೆಗೆಟಿವ್ ಒತ್ತಿಟ್ಟು ಬಿಸಿಲಿಗೆ ಒಡ್ಡಬೇಕು. ವಿಚಿತ್ರವೆಂದರೆ ಬೆಳಕು ಮುಟ್ಟುವುದು ಕಬ್ಬಿಣವನ್ನು, ಪ್ಲಾಟಿನಂ ಅನ್ನಲ್ಲ. ಬೆಳಕಿನಿಂದ ಬದಲಾದ ಆ ಕಬ್ಬಿಣವೇ ಪೊಟ್ಯಾಸಿಯಂ ಆಕ್ಸಲೇಟಿನ ದ್ರಾವಣದಲ್ಲಿ ಪ್ಲಾಟಿನಂ ಅನ್ನು ಲೋಹವಾಗಿ ಇಳಿಸುತ್ತದೆ. ಆಮೇಲೆ ತೆಳು ಆಮ್ಲದಲ್ಲಿ ತೊಳೆದರೆ ಕಬ್ಬಿಣ ಹೊರಟುಹೋಗುತ್ತದೆ. ಕೆಲಸ ಮಾಡಿದ್ದು ಒಂದು, ಉಳಿಯುವುದು ಇನ್ನೊಂದು. ಮಾಮೂಲಿ ಫೋಟೋದಲ್ಲಿ ಬೆಳ್ಳಿಯ ಕಣಗಳು ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ ಕೂತಿರುತ್ತವೆ. ಇಲ್ಲಿ ಪದರವೇ ಇಲ್ಲ. ಲೋಹ ನಾರಿನೊಳಗೇ ನಿಂತಿರುತ್ತದೆ. ನೇಯ್ದ ಸೀರೆಗೆ ಬಣ್ಣದ ಅಚ್ಚೊತ್ತುವುದಕ್ಕೂ ನೂಲಿಗೇ ಬಣ್ಣ ಕುಡಿಸಿ ನೇಯುವುದಕ್ಕೂ ಇರುವ ವ್ಯತ್ಯಾಸವಿದು. ಹೊಳಪಿಲ್ಲ. ಕಪ್ಪೂ ಬೆಳ್ಳಿಯ ಫೋಟೋದಷ್ಟು ಗಾಢವಲ್ಲ. ಆದರೆ ಕಪ್ಪಿನಿಂದ ಬಿಳುಪಿಗೆ ಬರುವ ದಾರಿಯಲ್ಲಿ ಬೂದುಬಣ್ಣದ ಛಾಯೆಗಳು ಎಷ್ಟೊಂದು!

ಇವಾನ್ಸನಿಗೆ ಬೇಕಾಗಿದ್ದದ್ದು ಆ ಬೂದು. ಅವನ ವಸ್ತು ಕೆಥೀಡ್ರಲ್‌ಗಳ ಒಳಾಂಗಣ: ಕಲ್ಲು, ಎತ್ತರದ ಕಿಟಕಿ, ಕಂಬದಿಂದ ಕಂಬಕ್ಕೆ ಸೋರಿಬರುವ ಬೆಳಕು. ಲಿಂಕನ್, ಈಲಿ, ವೆಲ್ಸ್, ಆಮೇಲೆ ಫ್ರಾನ್ಸಿನವು. ಬೆಳಕು ಹೇಗೆ ತಿರುಗುತ್ತದೆಂದು ನೋಡುತ್ತ ದಿನಗಟ್ಟಲೆ ಕಾಯುತ್ತಿದ್ದ. ಅಡ್ಡ ಬರುವ ಕುರ್ಚಿಗಳನ್ನು ತೆಗೆಸುತ್ತಿದ್ದನಂತೆ. ನೆಗೆಟಿವ್ ಅನ್ನು ಮಾತ್ರ ತಿದ್ದುತ್ತಿರಲಿಲ್ಲ. (ಕುರ್ಚಿ ಎತ್ತಿಸುವುದು ತಿದ್ದುಪಡಿ ಅಲ್ಲವೇ ಎಂದು ಯಾರಾದರೂ ಕೇಳಿದ್ದರೋ!) ಅವನ ಹೆಸರಿನ ಜೊತೆಗೇ ನೆನಪಾಗುವ ಚಿತ್ರ 1903ರ ‘ಎ ಸೀ ಆಫ್ ಸ್ಟೆಪ್ಸ್’. ವೆಲ್ಸ್ ಕೆಥೀಡ್ರಲ್ಲಿನ ಕಲ್ಲಿನ ಮೆಟ್ಟಿಲು ಅದು. ಶತಮಾನಗಳ ಕಾಲ್ತುಳಿತಕ್ಕೆ ಸವೆದು ತಗ್ಗುಬಿದ್ದದ್ದು, ಬಲಕ್ಕೆ ಹೊರಳಿ ಹರಡುತ್ತದೆ. ಪ್ರತಿ ಮೆಟ್ಟಿಲ ಸವಕಳಿಗೂ ಅದರದೇ ನೆರಳು. ಆ ನೆರಳುಗಳನ್ನು ಒಂದೇ ಕಪ್ಪಿನಲ್ಲಿ ಮುಳುಗಿಸಿದರೆ ಉಳಿಯುವುದು ಬರೀ ಮೆಟ್ಟಿಲು.

ಯುದ್ಧ ಬಂತು. ಆಗ ಜಗತ್ತಿನ ಪ್ಲಾಟಿನಂ ಬಹುಪಾಲು ರಷ್ಯಾದ ಉರಲ್ ಪರ್ವತಗಳಿಂದ ಬರುತ್ತಿತ್ತು. ಸಿಡಿಮದ್ದಿಗೆ ಬೇಕಾದ ಆಮ್ಲಗಳ ತಯಾರಿಕೆಯಲ್ಲಿ ಅದು ವೇಗವರ್ಧಕ. ಬೆಲೆ ಚಿನ್ನದ ಹಲವು ಪಟ್ಟಾಯಿತು. ಅಮೆರಿಕದಲ್ಲಿ ಕೊಡಾಕ್ ಕಂಪನಿ 1916ರಲ್ಲಿ ಪ್ಲಾಟಿನಂ ಕಾಗದ ಮಾಡುವುದನ್ನೇ ನಿಲ್ಲಿಸಿತು. ಅದಕ್ಕೂ ಮೊದಲೇ, 1914ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ರೀಮ್ಸ್ ಕೆಥೀಡ್ರಲ್ ಫಿರಂಗಿ ಗುಂಡುಗಳಿಗೆ ಸಿಕ್ಕಿ ಉರಿದಿತ್ತು. ಕೆಥೀಡ್ರಲ್‌ಗಳನ್ನು ಕಾಗದದಲ್ಲಿ ಉಳಿಸುತ್ತಿದ್ದ ಲೋಹ ಅವನ್ನು ಕೆಡವುವ ಕೆಲಸಕ್ಕೂ ಒದಗಿತು. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ವ್ಯಂಗ್ಯವನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಆದರೂ ನಡೆದದ್ದು ಹಾಗೆಯೇ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಪ್ಲಾಟಿನಂ ಅನ್ನು ಹಿಡಿದವರೆಲ್ಲ ಹೇಳುತ್ತಿದ್ದದ್ದು ಅದರ ಬಾಳಿಕೆಯನ್ನು. ಬೆಳ್ಳಿಯ ಚಿತ್ರ ಮಾಸುತ್ತದೆ, ಇದು ಕಾಗದ ಇರುವವರೆಗೂ ಇರುತ್ತದೆ. ಮಾತು ನಿಜ, ಇವಾನ್ಸನ ಪ್ರತಿಗಳು ಇವತ್ತಿಗೂ ಕೆಟ್ಟಿಲ್ಲ. ಆದರೆ ಚಿತ್ರಕ್ಕಿದ್ದ ಬಾಳಿಕೆ ಚಿತ್ರ ಮಾಡುವ ಕಸುಬಿಗೆ ಇರಲಿಲ್ಲ. ಎಲ್ಲೋ ಗಣಿ, ಎಲ್ಲೋ ಕಾರ್ಖಾನೆ, ನಡುವೆ ರೈಲು ಮತ್ತು ಹಡಗು. ಒಂದು ಕೊಂಡಿ ಕಳಚಿದರೂ ಮನುಷ್ಯನ ಜೀವಮಾನದ ಕೆಲಸ ನಿಲ್ಲುತ್ತದೆ. ಇವಾನ್ಸ್ ಕಾಗದವನ್ನು ಕೊಂಡು ತರುತ್ತಿದ್ದವನು, ಕೈಯಾರೆ ಸವರಿಕೊಳ್ಳುತ್ತಿದ್ದವನಲ್ಲ. ಅವನ ನಿಷ್ಠೆ ಒಂದು ಅಂಗಡಿಯ ಸರಕನ್ನು ನೆಚ್ಚಿಕೊಂಡಿತ್ತು. ಇದು ಅವನನ್ನು ಚಿಕ್ಕವನಾಗಿಸುವುದಿಲ್ಲ. ಕೀಬೋರ್ಡಿಲ್ಲದೆ ಎರಡು ಪುಟ ಬರೆಯಲಾರದ ನನ್ನಂಥವನು ಹಾಗೆ ಹೇಳುವುದೂ ಸಲ್ಲ. ಆದರೆ ‘ತ್ಯಾಗ’ ಎನ್ನುವಾಗ ನಾಲಗೆ ತಡವರಿಸುತ್ತದೆ. ಅರವತ್ತು ದಾಟಿದವನು, ಮಾಡಬೇಕಾದ್ದನ್ನು ಬಹುಪಾಲು ಮಾಡಿದವನು, ಇನ್ನು ಅರೆಮನಸ್ಸಿನ ಕೆಲಸ ಬೇಡವೆಂದುಕೊಂಡಿರಬಹುದು. 1943ರಲ್ಲಿ ತೀರಿಕೊಂಡಾಗ ತೊಂಬತ್ತರ ಹೊಸ್ತಿಲಲ್ಲಿದ್ದ.

ಅವನು ನಿಲ್ಲಿಸಿದ ಅರ್ಧ ಶತಮಾನದ ಬಳಿಕ ನ್ಯೂಯಾರ್ಕಿನಲ್ಲಿ ಒಬ್ಬ ಶುರುಮಾಡಿದ. ‘ವೋಗ್’ ಪತ್ರಿಕೆಗೆ ಫ್ಯಾಷನ್ ಚಿತ್ರ ತೆಗೆಯುತ್ತಿದ್ದ ಅರ್ವಿಂಗ್ ಪೆನ್. ಕಾಗದ ಅಂಗಡಿಯಲ್ಲಿ ಸಿಗದ ಕಾಲ. ಅದೇ ಅವನಿಗೆ ಅನುಕೂಲವಾಯಿತೇನೋ. 1960ರ ದಶಕದಲ್ಲಿ ಹಳೆಯ ವಿಧಾನಗಳನ್ನು ಕೆದಕಿ, ಕಾಗದವನ್ನು ಅಲ್ಯೂಮಿನಿಯಂ ಹಾಳೆಗೆ ಅಂಟಿಸಿ, ತಾನೇ ಲೇಪ ಕೊಟ್ಟು, ಅಚ್ಚು ತೆಗೆದು, ಅದರ ಮೇಲೆಯೇ ಮತ್ತೆ ಲೇಪ ಕೊಟ್ಟು ಮತ್ತೆ ಅಚ್ಚು ತೆಗೆಯುತ್ತಿದ್ದ. ನೆನೆದ ಕಾಗದ ಕುಗ್ಗಿ ಹಿಗ್ಗಿದರೆ ಎರಡನೆಯ ಅಚ್ಚು ಮೊದಲನೆಯದರ ಮೇಲೆ ಸರಿಯಾಗಿ ಕೂರುವುದಿಲ್ಲ, ಅಲ್ಯೂಮಿನಿಯಂ ಅದಕ್ಕಾಗಿ. ಹೀಗೆ ಒಂದರ ಮೇಲೊಂದು ಕೂತ ಅಚ್ಚುಗಳಿಂದ, ಒಂದೇ ಲೇಪದಲ್ಲಿ ಬಾರದ ಆಳವನ್ನು ಕಪ್ಪಿಗೆ ತಂದ.

ಇಷ್ಟೆಲ್ಲ ಮಾಡಿ ಅವನು ಅಚ್ಚುಹಾಕಿದ್ದರಲ್ಲಿ ಬೀದಿಯಿಂದ ಹೆಕ್ಕಿ ತಂದ ಸಿಗರೇಟು ತುಂಡುಗಳೂ ಇದ್ದವು. 1975ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವನ್ನು ಪ್ರದರ್ಶನಕ್ಕಿಟ್ಟಿತು. ತುಳಿಸಿಕೊಂಡು ಸಿಪ್ಪೆ ಬಿಚ್ಚಿದ ಆ ತುಂಡುಗಳ ಒಂದೊಂದು ಎಳೆಗೂ ಅದರದೇ ಬೂದುಬಣ್ಣ. ಇವಾನ್ಸ್ ನೋಡಿದ್ದರೆ ವಸ್ತುವಿಗೆ ಮೂಗು ಮುರಿಯುತ್ತಿದ್ದನೇನೋ. ಲೇಪ ಎಷ್ಟು ಸಲ ಕೊಟ್ಟಿರಿ ಎಂದು ಮಾತ್ರ ಕೇಳದೆ ಹೋಗುತ್ತಿರಲಿಲ್ಲ.