ಓದಿ ಹೇಳಲಾಯಿತು, ಸರಿ ಇದೆ

ಕರೆ ಸಾಮಾನ್ಯವಾಗಿ ರಾತ್ರಿ ಎಂಟರ ಮೇಲೆ ಬರುತ್ತದೆ. "ನಾಳೆ ಖಾಲಿ ಅದೀರೇನ್ರಿ? ಒಂದು ಪಾಟೀಸವಾಲು ಐತಿ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡ ಬರ್ರಿ, ಅಲ್ಲಿ ಕರೆಂಟಿನ ಭರವಸೆ ಇಲ್ಲ."

ನಾನು ಮಂಗಸೂಳಿಯವನು. ನಡೆಸುವುದು ಒಂದು ಡಿ.ಟಿ.ಪಿ. ಅಂಗಡಿ, ಮದುವೆ ಕಾರ್ಡು, ಬಾಂಡು, ಅರ್ಜಿ, ಜಾತ್ರೆಯ ಕರಪತ್ರ. ನ್ಯಾಯಾಲಯದ ನೌಕರನಲ್ಲ, ಸಂಬಳವಿಲ್ಲ, ಗುರುತಿನ ಚೀಟಿಯೂ ಇಲ್ಲ. ಕರೆದಾಗ ಹೋಗುತ್ತೇನೆ, ಸಾಕ್ಷಿ ಹೇಳಿದ್ದನ್ನು ಬೆರಳಚ್ಚು ಮಾಡುತ್ತೇನೆ, ಪುಟದ ಲೆಕ್ಕದಲ್ಲಿ ದುಡ್ಡು ತಗೊಂಡು ಬರುತ್ತೇನೆ. ಇಂಥದ್ದೊಂದು ಕೆಲಸ ಹುಟ್ಟಿದ್ದಕ್ಕೆ ಕಾನೂನಿನಲ್ಲಿ ಕಾರಣವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶಕ್ಕೆ 2002ರ ಜುಲೈ 1ರಿಂದ ತಿದ್ದುಪಡಿ ಬಂತು. ಸಾಕ್ಷಿಯ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ. ಪಾಟೀಸವಾಲನ್ನು ನ್ಯಾಯಾಧೀಶರೇ ನಡೆಸಬಹುದು, ಇಲ್ಲವೇ ಅವರು ನೇಮಿಸಿದ ಕಮಿಷನರ್ ನಡೆಸಬಹುದು. ಹಾಸಿಗೆ ಹಿಡಿದ ಸಾಕ್ಷಿಯ ಮನೆಗೇ ಕಮಿಷನರ್ ಹೋಗುವ ಪದ್ಧತಿಯಂತೂ ಅದಕ್ಕೂ ಹಳೆಯದು. ಕಮಿಷನರ್ ಸಾಮಾನ್ಯವಾಗಿ ಒಬ್ಬ ವಕೀಲರು. ಅವರು ಹೇಳಿ ಬರೆಸುತ್ತಾರೆ. ಬರೆಯಲು ಒಂದು ಜೊತೆ ಕೈ ಬೇಕು.

ಆ ಕೈಗೆ ನೈತಿಕತೆ ಅಂತ ಏನಾದರೂ ಇದೆಯೆ? ಹೇಳಿದ್ದನ್ನು ಒತ್ತುವ ಬೆರಳಿಗೆ ಪಾಪಪುಣ್ಯದ ಲೆಕ್ಕ ಹಚ್ಚಬಹುದೆ? ನಾಲ್ಕು ವರ್ಷ ಈ ಪ್ರಶ್ನೆ ನನಗೆ ಬಂದಿರಲಿಲ್ಲ.

ಮೊದಲು ಒಂದು ಮಾತು ಹೇಳಬೇಕು. ಸಿನಿಮಾದ ಕೋರ್ಟು ನೋಡಿದವರು ಅಲ್ಲಿ ಆಡಿದ ಪ್ರತಿ ಮಾತೂ ಹಾಗೆಯೇ ಕಾಗದಕ್ಕೆ ಇಳಿಯುತ್ತದೆ ಅಂದುಕೊಂಡಿರುತ್ತಾರೆ. ಅಮೆರಿಕದಲ್ಲಿ ಅಂಥ ಪದ್ಧತಿ ಇದೆ. ಪ್ರಶ್ನೆ, ಉತ್ತರ, ಎಲ್ಲವೂ ಅಕ್ಷರಶಃ. ನಮ್ಮಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆಯುತ್ತಾರೆ. ಬೇಕೆನಿಸಿದಲ್ಲಿ ಮಾತ್ರ ಪ್ರಶ್ನೋತ್ತರ. ವಕೀಲರು ಕೇಳುತ್ತಾರೆ: "ಆ ದಿವಸ ನೀವು ಕಾಗವಾಡ ಸಂತೆಗೆ ಹೋಗಿದ್ರಿ, ಮನ್ಯಾಗ ಇರಲೇ ಇಲ್ಲ, ಹೌದಲ್ರಿ?" ಸಾಕ್ಷಿ "ಹೂಂ" ಅನ್ನುತ್ತಾನೆ. ಕಾಗದದಲ್ಲಿ ಬರುವುದು: "ಸದರಿ ದಿನ ನಾನು ಕಾಗವಾಡ ಸಂತೆಗೆ ಹೋಗಿದ್ದು, ಮನೆಯಲ್ಲಿ ಇರಲಿಲ್ಲ ಎಂದರೆ ಸರಿ." ಅವನು ತಲೆಯಲ್ಲಾಡಿಸಿದರೆ "ಎಂದರೆ ಸುಳ್ಳು." ಒಂದು ಅಕ್ಷರದ ಹೂಂಕಾರ ಒಂಬತ್ತು ಹತ್ತು ಶಬ್ದಗಳ ವಾಕ್ಯವಾಗುತ್ತದೆ. ಅದರಲ್ಲಿ ಒಂದು "ನಾನು" ಇರುತ್ತದೆ. ಆ "ನಾನು" ಶಬ್ದವನ್ನು ಆ ಕೋಣೆಯಲ್ಲಿ ಯಾರೂ ಆಡಿರುವುದಿಲ್ಲ. ವಕೀಲರು "ನೀವು" ಅಂದರು, ಸಾಕ್ಷಿ "ಹೂಂ" ಅಂದ, ಕಮಿಷನರ್ "ನಾನು" ಅಂತ ಹೇಳಿ ಬರೆಸಿದರು, ನಾನು "ನಾನು" ಅಂತ ಒತ್ತಿದೆ.

ಇದರಲ್ಲಿ ಮೋಸವೇನೂ ಇಲ್ಲ. ಅಕ್ಷರಶಃ ಬರೆಯುತ್ತ ಕೂತರೆ ಒಂದು ಪಾಲುವಾಟ್ನಿ ದಾವೆಗೆ ಒಂದು ಆಯುಷ್ಯ ಬೇಕು. (ಈಗಲೂ ಕೆಲವಕ್ಕೆ ಬೇಕಾಗುತ್ತದೆ, ಅದು ಬೇರೆ ಮಾತು.) ಆದರೆ ಮಾತು ವಾಕ್ಯವಾಗುವ ಆ ಕ್ಷಣದಲ್ಲಿ ಏನೋ ಕೈ ಬದಲಾಗುತ್ತದೆ.

ಹೋದ ಬೇಸಿಗೆಯಲ್ಲಿ ಹೋಗಿದ್ದು ಒಂದು ಹಳ್ಳಿಯ ಮನೆಗೆ. ಊರಿನ ಹೆಸರು ಬೇಡ. ಎಪ್ಪತ್ತು ದಾಟಿದ ಹೆಣ್ಣುಮಗಳು, ಸೊಂಟ ಮುರಿದು ಮಲಗಿದ್ದಳು. ಅಪ್ಪನ ಹೊಲದಲ್ಲಿ ಪಾಲು ಬೇಕೆಂದು ತಮ್ಮಂದಿರ ಮೇಲೆ ದಾವೆ ಹೂಡಿದ್ದಳು. ಹಾಸಿಗೆಯ ಸುತ್ತ ಎರಡು ಕಡೆಯ ವಕೀಲರು, ಕಮಿಷನರ್, ಗೋಧಿ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು. ತಮ್ಮಂದಿರ ವಕೀಲರು ಹೊಲ ಮಾರುವ ಮಾತು ಒಮ್ಮೆ ಬಂದಿದ್ದನ್ನು ಕೇಳುತ್ತಿದ್ದರು. ಅದು ಮುಗಿಯುತ್ತಲೇ ಕೇಳಿದರು: "ನಿಮ್ಮ ಅಪ್ಪ ಇದ್ದಾಗನ ಎಲ್ಲಾರನೂ ಕೂಡ್ರಿಸಿ ಆ ಹೊಲದ ಮಾತು ತಗದಾಗ ನೀವು ಏನಂದ್ರಿ, ಆಯಿ?"

"ಬ್ಯಾಡ ಅಂದಿದ್ದೆ."

ಕಮಿಷನರ್ ನನ್ನ ಕಡೆ ತಿರುಗಿ ಹೇಳಿದರು: "ನನ್ನ ತಂದೆ ಜೀವಂತವಿದ್ದಾಗಲೇ ಸದರಿ ಜಮೀನಿನಲ್ಲಿ ನನಗೆ ಪಾಲು ಬೇಡವೆಂದು ಹೇಳಿದ್ದೆ."

ನನ್ನ ಕಿವಿಗೆ ಬಿದ್ದದ್ದು ಬೇರೆ. ಮಾರುವುದು ಬ್ಯಾಡ ಅಂದಿದ್ದೆ ಅಂತ ಆಕೆ ಹೇಳಿದಳು ಅಂತಲೇ ನಾನು ತಿಳಿದಿದ್ದೆ. ಬೆರಳು ನಿಂತವು. ಆಕೆಯ ವಕೀಲರು ಹುಡುಗ. ಫೈಲಿನಲ್ಲಿ ಏನೋ ಹುಡುಕುತ್ತಿದ್ದರು. "ಯಾಕ್ರಿ?" ಅಂದರು ಕಮಿಷನರ್. "ಏನಿಲ್ರಿ ಸರ್" ಅಂದೆ. ಒತ್ತಿದೆ.

ಬಾಯಿಮಾತಿನಿಂದ ಹೊಲದ ಹಕ್ಕು ಹೋಗಿಬಿಡುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡಲು ನೋಂದಣಿಯಾದ ಕಾಗದ ಬೇಕು ಎಂಬುದು ನನ್ನಂಥ ಬಾಂಡು ಬರೆಯುವವನಿಗೂ ಗೊತ್ತು. ಆದರೂ ಪಾಟೀಸವಾಲಿನಲ್ಲಿ ಒಪ್ಪಿಕೊಂಡ ಒಂದು ವಾಕ್ಯ ಮುಂದೆ ಎಲ್ಲ ವಾದದಲ್ಲೂ ಎದ್ದು ಬರುತ್ತದೆ.

ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ವಕೀಲರು ನನಗೆ ಹೇಳಿದ್ದರು: "ನೀವು ತಿಳಕೋಬ್ಯಾಡ್ರಿ, ಕೇಳ್ರಿ ಸಾಕು." ಒಳ್ಳೆಯ ಬುದ್ಧಿಮಾತು. ಬೆರಳಚ್ಚಿನವನು ಅರ್ಥ ಮಾಡಿಕೊಳ್ಳತೊಡಗಿದರೆ ಅವನೊಬ್ಬ ಮೂರನೆಯ ವಕೀಲನಾಗುತ್ತಾನೆ, ಅದೂ ಯಾರೂ ನೇಮಿಸದ ವಕೀಲ. ಆದರೆ ನಮ್ಮ ಕತೆಯಲ್ಲಿ ಮೊದಲ ಬರಹಗಾರನಿಗೆ ಹಾಕಿದ ಷರತ್ತು ಇದರ ತಿರುಗುಮುರುಗು. ವ್ಯಾಸರು ಎಲ್ಲೂ ನಿಲ್ಲದೆ ಹೇಳಬೇಕು ಎಂದು ಗಣಪತಿ ಷರತ್ತು ಹಾಕಿದ. ಅರ್ಥವಾಗದೆ ಒಂದಕ್ಷರವನ್ನೂ ಬರೆಯಕೂಡದು ಎಂದು ವ್ಯಾಸರು ತಿರುಗಿ ಹಾಕಿದರು. ವ್ಯಾಸರಿಗೆ ಉಸಿರಾಡಲು ಸಮಯ ಸಿಗಲಿ ಎಂಬ ಉಪಾಯ ಅದು ಅಂತ ಹೇಳುತ್ತಾರೆ. ಇರಬಹುದು. ಆದರೆ ಗಣಪತಿ ಬರೆದದ್ದು ವ್ಯಾಸರ ಮಾತನ್ನು, ವ್ಯಾಸರ ಎದುರಿಗೇ. ನಾನು ಬರೆಯುವುದು ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿ.

ಪ್ರಮಾಣದ ವಿಷಯವೂ ವಿಚಿತ್ರ. 1969ರ ಪ್ರಮಾಣಗಳ ಅಧಿನಿಯಮದ ಪ್ರಕಾರ ಸಾಕ್ಷಿ ಪ್ರಮಾಣ ಮಾಡಬೇಕು. ದುಭಾಷಿಯೂ ಮಾಡಬೇಕು. ನಮ್ಮ ಗಡಿಯಲ್ಲಿ ಇದು ಪುಸ್ತಕದ ಮಾತಲ್ಲ. ಮೀರಜ್, ಜತ್ ಕಡೆಯಿಂದ ಮದುವೆಯಾಗಿ ಬಂದ ಎಷ್ಟೋ ಹೆಣ್ಣುಮಕ್ಕಳು ಸಾಕ್ಷಿ ನುಡಿಯುವುದು ಮರಾಠಿಯಲ್ಲಿ, ಅದು ದಾಖಲಾಗುವುದು ಕನ್ನಡದಲ್ಲಿ. ನಡುವೆ ನಿಂತು ಹೇಳುವವನು ಸರಿಯಾಗಿ ಹೇಳುತ್ತೇನೆಂದು ಪ್ರಮಾಣ ಮಾಡುತ್ತಾನೆ. ಅಥಣಿ ಕಡೆಯ ಕನ್ನಡವನ್ನು ಕೋರ್ಟಿನ ಕನ್ನಡ ಮಾಡುವಾಗ ಮಾತ್ರ ಯಾರೂ ಪ್ರಮಾಣ ಮಾಡುವುದಿಲ್ಲ, ಅದು ಅನುವಾದವೆಂದು ಯಾರಿಗೂ ಅನಿಸುವುದೇ ಇಲ್ಲ. "ಬ್ಯಾಡ" ಮತ್ತು "ಬೇಡ" ಒಂದೇ ತಾನೆ!

ನಮ್ಮೂರಿನ ಪ್ರಮಾಣವೇ ಬೇರೆ. ಖಂಡೋಬಾನ ಭಂಡಾರ ಎತ್ತಿ ಆಡಿದ ಮಾತು ಎರಡಾಗುವುದಿಲ್ಲ ಎನ್ನುತ್ತಾರೆ. ಆ ಅರಿಸಿನ ಆಡಿದವರ ಅಂಗೈಗೆ ಹತ್ತಿರುತ್ತದೆ, ತೊಳೆದರೂ ಒಂದು ದಿನ ಹೋಗುವುದಿಲ್ಲ. ಕೋರ್ಟಿನ ಕಾಗದದಲ್ಲಿ ಮಾತು ಆಡಿದವರ ಕೈ ಬಿಟ್ಟು ಎದ್ದುಹೋಗುತ್ತದೆ.

ಧ್ವನಿಮುದ್ರಣ ಮಾಡಿದರೆ ಮುಗಿಯಿತಲ್ಲ ಅನ್ನಬಹುದು. ಯಂತ್ರದಿಂದ ದಾಖಲಿಸಲು ನಿಯಮದಲ್ಲಿ ಅವಕಾಶವೂ ಇದೆ. ಯಂತ್ರ "ಬ್ಯಾಡ" ಎಂಬುದನ್ನು "ಬ್ಯಾಡ" ಎಂದೇ ಉಳಿಸುತ್ತಿತ್ತು, ಒಪ್ಪುತ್ತೇನೆ. ಆದರೆ ಕೊನೆಗೆ ಅದನ್ನು ಯಾರೋ ಕೇಳಿ ಬರೆಯಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 27 ಮಂದಿ ವೃತ್ತಿಪರ ಕೋರ್ಟ್ ವರದಿಗಾರರಿಗೆ ಕಪ್ಪುಜನರ ಇಂಗ್ಲಿಷಿನ ಮಾತುಗಳನ್ನು ಕೇಳಿಸಿ ಬರೆಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರ ವೃತ್ತಿ ಪರೀಕ್ಷೆ ನೂರಕ್ಕೆ 95ರಷ್ಟು ನಿಖರತೆ ಕೇಳುತ್ತದೆ. ಇಲ್ಲಿ ತಪ್ಪಿಲ್ಲದೆ ಬರೆದ ವಾಕ್ಯಗಳು ನೂರಕ್ಕೆ ಸುಮಾರು 60. ಅಷ್ಟೂ ಜನ ಒಂದೇ ನಗರದವರು, ದಿನವೂ ಆ ಮಾತು ಕೇಳುವವರು. ಕಿವಿ ತನಗೆ ಗೊತ್ತಿರುವ ಭಾಷೆಯನ್ನೇ ಕೇಳುತ್ತದೆ.

ಅದಕ್ಕೇ ಕೊನೆಯಲ್ಲಿ ಓದಿ ಹೇಳುವುದು. ಕ್ರಿಮಿನಲ್ ಪ್ರಕರಣಗಳಲ್ಲಿ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕೆಂದು 1973ರ ಸಂಹಿತೆಯಲ್ಲಿ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಇದೆ. ನಾನು ಕೂತ ಸಿವಿಲ್ ವಿಚಾರಣೆಗಳಲ್ಲೂ ರೂಢಿ ಅದೇ. ಕಡೆಯ ಸಾಲು "ಓದಿ ಹೇಳಲಾಯಿತು, ಸರಿ ಇದೆ." ಎಷ್ಟೋ ಸಲ ಓದುವ ಮೊದಲೇ ಆ ಸಾಲು ಒತ್ತಿ ಆಗಿರುತ್ತದೆ. ಓದುವುದು ನನ್ನ ಪಾಲಿಗೆ ಬರುತ್ತದೆ. ಎಲ್ಲರಿಗೂ ಹಸಿವೆ, ಬಸ್ಸಿನ ಚಿಂತೆ. ಮಂತ್ರದ ಹಾಗೆ ಗಡಗಡ ಓದುತ್ತೇನೆ, ಸಾಕ್ಷಿ ತಲೆ ಹಾಕುತ್ತಾನೆ.

ಆ ದಿನವೂ ಗಡಗಡ ಓದಿಕೊಂಡು ಬಂದೆ. ಆ ಸಾಲಿನಲ್ಲಿ ನಿಂತೆ. ಕಾಗದದಲ್ಲಿದ್ದಂತೆ ಓದದೆ ಹೇಳಿದೆ: "ಆಯಿ, ಹೊಲದಾಗ ನನಗ ಪಾಲು ಬ್ಯಾಡ ಅಂತ ನೀವು ನಿಮ್ಮ ಅಪ್ಪಗ ಅಂದಿದ್ರಂತ ಇಲ್ಲಿ ಬರದೈತ್ರಿ."

ಆಕೆ ನನ್ನ ಮುಖ ನೋಡಿದಳು. ತಮ್ಮಂದಿರ ವಕೀಲರು ಎದ್ದರು: "ನೀವು ಓದವ್ರು, ಕೇಳವ್ರಲ್ಲ. ಸಾಕ್ಷಿಗೆ ಹೇಳಿಕೊಡಾಕ ಬಂದೀರೇನು?" ಅವರು ಹೇಳಿದ್ದು ನ್ಯಾಯವಾಗಿತ್ತು. ಕಮಿಷನರ್ ಸಮಾಧಾನದ ಮನುಷ್ಯ. ಆಕ್ಷೇಪಣೆಯನ್ನು ಬರೆಸಿದರು. ಆಮೇಲೆ ಹಾಸಿಗೆಯ ಹತ್ತಿರ ಬಗ್ಗಿ ತಾವೇ ಕೇಳಿದರು: "ಆಯಿ, ಏನ ಬ್ಯಾಡ ಅಂದಿದ್ರಿ ನೀವು?"

ಆಕೆ ಬಹಳ ಹೊತ್ತು ತೊಲೆ ನೋಡಿದಳು. "ಮಾರೂದು ಬ್ಯಾಡ ಅಂದೆನೋ, ನನಗ ಬ್ಯಾಡ ಅಂದೆನೋ. ಅಪ್ಪ ಅಳಾಕ ಹತ್ತಿದ್ದ ತಮ್ಮಾ. ಬ್ಯಾಡ ಅಂದಿದ್ದೆ ನೋಡು."

ಅದನ್ನು ಪ್ರಶ್ನೋತ್ತರವಾಗಿ, ಆಕೆಯ ಮಾತಿನಲ್ಲೇ ಬರೆಸಿದರು. ಹೆಬ್ಬೆಟ್ಟು ಒತ್ತಿದಳು.

ದಾರಿಯುದ್ದಕ್ಕೂ ನನಗೆ ಕಾಡಿದ್ದು ನಾನು ಬಾಯಿ ಹಾಕಿದ್ದಲ್ಲ, ಅಷ್ಟು ಖಚಿತವಾಗಿ ನನ್ನ ಕಿವಿಯನ್ನು ನಂಬಿದ್ದು. ಕಮಿಷನರ್ ಒಂದು ಅರ್ಥ ತುಂಬಿದರು, ನಾನು ಇನ್ನೊಂದನ್ನು ತುಂಬಿಕೊಂಡು ಕೂತಿದ್ದೆ. ಆಕೆಯ ಬಳಿ ಎರಡೂ ಇರಲಿಲ್ಲ, ಅಥವಾ ಎರಡೂ ಇದ್ದವು. ನಾನು ಸುಮ್ಮನಿದ್ದರೆ ಆಕೆ ಹೇಳದ ಮಾತು ಆಕೆಯದಾಗುತ್ತಿತ್ತು. ಎದ್ದು "ಆಕೆ ಹಂಗ ಅಂದಿಲ್ಲ" ಅಂದಿದ್ದರೂ ಅದೇ ಆಗುತ್ತಿತ್ತು.

ಮೂರು ವಾರದ ಮೇಲೆ ಕಿರಿಯ ತಮ್ಮನ ಪಾಟೀಸವಾಲು. ಈ ಸಲ ಆಕೆಯ ವಕೀಲರ ಸರದಿ. ಹುಡುಗ ಚೆನ್ನಾಗಿ ತಯಾರಾಗಿ ಬಂದಿದ್ದರು. ಮೂರು ಮಾತು ಸೇರಿಸಿದ ಒಂದು ಉದ್ದ ಪ್ರಶ್ನೆಗೆ ಆ ಮನುಷ್ಯ "ಹೂಂ" ಅಂದ. ಅವನು ಹೂಂ ಅಂದದ್ದು ಮೊದಲ ಮಾತಿಗಷ್ಟೇ ಅಂತ ನನಗೆ ಅನಿಸಿತು. ಮೂರಕ್ಕೂ ಸೇರಿಸಿ "ಎಂದರೆ ಸರಿ" ಎಂದು ಒತ್ತಿದೆ. ಓದುವಾಗ ಆ ಸಾಲಿನಲ್ಲಿ ನಿಲ್ಲಲಿಲ್ಲ. ಗಡಗಡ ಓದಿದೆ. ಅವನು ತಲೆ ಹಾಕಿದ, ಸಹಿ ಮಾಡಿದ. ಮೋಟಾರ್‌ಸೈಕಲ್ ಹತ್ತುವಾಗ, ಯಾಕೆ ನಿಲ್ಲಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಈಗ ಪ್ರತಿ ಹೇಳಿಕೆಯನ್ನೂ, ಯಾವ ಕಡೆಯವರದೇ ಇರಲಿ, ಒಂದೊಂದೇ ಸಾಲು ನಿಲ್ಲಿಸಿ, ಮನೆಮಾತಿನಲ್ಲಿ ಓದುತ್ತೇನೆ. ಹತ್ತು ನಿಮಿಷದ ಓದು ಮುಕ್ಕಾಲು ತಾಸು ಹಿಡಿಯುತ್ತದೆ. ಸಾಕ್ಷಿಗಳೇ ಬೇಸರಪಟ್ಟು "ಸಾಕ್ರಿ, ಸರಿ ಐತಿ, ಎಲ್ಲಿ ಸಹಿ ಮಾಡ್ಲಿ?" ಅನ್ನುತ್ತಾರೆ. ವಕೀಲರು ಗಡಿಯಾರ ನೋಡುತ್ತಾರೆ. ಕಳೆದ ತಿಂಗಳು ರಾತ್ರಿ ಎಂಟರ ಮೇಲೆ ಎರಡೇ ಕರೆ ಬಂದವು.