ಎರಡು ಡೆಸಿಬೆಲ್‌ ಮೋಸ

ಅಕ್ಕನ ಮಗ ಹಾಡುಗಳ ಮಿಕ್ಸಿಂಗ್ ಕಲಿಯುತ್ತಿದ್ದಾನೆ. ಗೋಡೆಗೆ ಅಜ್ಜಿಯ ಕೌದಿಗಳನ್ನು ತೂಗುಹಾಕಿದ ಕೋಣೆಯೇ ಅವನ ಸ್ಟುಡಿಯೋ. ಕೆಲಸ ಕೇಳಲು ಹೋದಾಗ ತೋರಿಸಲು ಮೂರು ಹಾಡು ಸಿದ್ಧ ಮಾಡುತ್ತಿದ್ದ. ಮೊನ್ನೆ ಹೆಡ್‌ಫೋನ್ ನನ್ನ ಕಿವಿಗೇರಿಸಿ, "ಮಾವ, ಇದು ಮೊದಲಿದ್ದದ್ದು, ಇದು ನಾನು ಮಾಡಿದ್ದು" ಎಂದ. ಎರಡನೆಯದೇ ಚೆನ್ನ, ಅನುಮಾನವೇ ಇಲ್ಲ ಎಂದೆ. ನಕ್ಕುಬಿಟ್ಟ. "ಏನೂ ಮಾಡಿಲ್ಲ. ಎರಡು ಡೆಸಿಬೆಲ್ ಜೋರು ಮಾಡಿದೆ, ಅಷ್ಟೆ."

ಕಿವಿ ಹೀಗೆ ಮೋಸಹೋಗುವುದಕ್ಕೆ ಕಾರಣವುಂಟು. ಸದ್ದು ಸಣ್ಣದಿದ್ದಾಗ ಮಂದ್ರದ ನಾದ ನಮಗೆ ಸರಿಯಾಗಿ ಮುಟ್ಟುವುದಿಲ್ಲ ಎಂದು ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಸ್ವಲ್ಪ ಏರಿಸಿ ನೋಡಿ, ತಬಲಾದ ಡಗ್ಗಾ ತಾನಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ 'ಮೊದಲು–ಆಮೇಲೆ' ಎಂದು ಕೇಳಿಸುವ ಎಷ್ಟೋ ಮಾದರಿಗಳಲ್ಲಿ 'ಆಮೇಲೆ' ಗೆಲ್ಲುವುದು ಬರೀ ಗಟ್ಟಿಯಾಗಿರುವುದರಿಂದ.

ಅಂಥ ಗೆಲುವು ಬೇಡವೆಂದು ಅವನು ತನ್ನ ಮಾದರಿಗಳಲ್ಲಿ ಎರಡನ್ನೂ ಒಂದೇ ಮಟ್ಟಕ್ಕೆ ತಂದಿದ್ದಾನೆ. ಈಗ ತೊಂದರೆ ಶುರು: ವ್ಯತ್ಯಾಸವೇ ಕೇಳಿಸುವುದಿಲ್ಲ! ಆಮೇಲೆ ಕೇಳಿಸಿದ್ದು ಗೆಳತಿಯೊಬ್ಬಳು ಹಾಡಿದ ಭಾವಗೀತೆ. ಹಾರ್ಮೋನಿಯಂ ಅವಳ ದನಿಯ ಜಾಗದಲ್ಲೇ ಕೂತು ಪದಗಳನ್ನು ನುಂಗುತ್ತಿತ್ತಂತೆ. ಇವನು ದನಿಯನ್ನು ಮೇಲೆತ್ತಲಿಲ್ಲ. ಹಾರ್ಮೋನಿಯಂನಲ್ಲಿ ಆ ಒಂದು ಆವರ್ತನ ಪಟ್ಟಿಯನ್ನಷ್ಟೇ ಕೊರೆದ. ಅದಕ್ಕೆ ಇಡೀ ಭಾನುವಾರ ಹಿಡಿಯಿತು. ಚೆನ್ನಾಗಿ ಮಾಡಿದಷ್ಟೂ ಕಾಣದಂತಾಗುವ ಕೆಲಸವನ್ನು ತೋರಿಸುವುದು ಹೇಗೆ?

ಮಲಗುವ ಕೋಣೆಯಿಂದಲೇ ಗ್ರ್ಯಾಮಿ ಗೆಲ್ಲಬಹುದು ಎಂಬುದಕ್ಕೆ ಇವನ ಓರಗೆಯವರು ಗಾಯಕಿ ಬಿಲ್ಲಿ ಐಲಿಷ್‌ಳ 2019ರ ಮೊದಲ ಆಲ್ಬಂ ಹೆಸರಿಸುತ್ತಾರೆ. ಲಾಸ್ ಏಂಜಲಿಸ್‌ನ ಅಪ್ಪ-ಅಮ್ಮನ ಮನೆಯಲ್ಲಿ ಅದನ್ನು ಕಟ್ಟಿದವನು ಅವಳಣ್ಣ ಫಿನಿಯಸ್, ನಿಜ. ಆದರೆ ಮಿಕ್ಸ್ ಮಾಡಿದವರು ರಾಬ್ ಕಿನೆಲ್‌ಸ್ಕಿ ಎಂಬ ಇನ್ನೊಬ್ಬರು. ಆ ಹೆಸರು ನನಗೆ ಅಳಿಯನಿಂದಲೇ ತಿಳಿದದ್ದು. ತುಸು ಅಭಿಮಾನದಿಂದಲೇ ಹೇಳಿದ.

ಆ ಭಾವಗೀತೆಯನ್ನು ಮತ್ತೆ ಕೇಳಿದೆ. ಏನಿಲ್ಲ. ಮೂರನೆಯ ಸಲ, ಚರಣದ ತುದಿಯಲ್ಲಿ ಅವಳು ಮೆಲ್ಲಗೆ ಬಿಟ್ಟ ಒಂದು 'ಳ' ಕೇಳಿಸಿತು. ಮೊದಲಿನದರಲ್ಲಿ ಅದು ಇರಲೇ ಇಲ್ಲ.

"ಇದನ್ನೇ ಮೊದಲು ಕೇಳಿಸು" ಎಂದೆ.

"ಮೂರು ಸಲ ಯಾರು ಕೇಳ್ತಾರೆ ಮಾವ?" ಎಂದ. ಆದರೂ ಫೈಲನ್ನು ಎಳೆದು ಪಟ್ಟಿಯ ತಲೆಗೆ ಇಟ್ಟ.